ಕಾಣಲಿಲ್ಲ ಎಂದರೆ ಇಲ್ಲವೆಂದೇ?

ಕತ್ತಲ ಕೋಣೆಯಲ್ಲಿ ನಿಂತು ‘ಗಡಿಗೆ ಕಾಣುತ್ತಿಲ್ಲ, ಆದ್ದರಿಂದ ಇಲ್ಲಿ ಗಡಿಗೆ ಇಲ್ಲ’ ಎಂದರೆ ಯಾರೂ ಒಪ್ಪುವುದಿಲ್ಲ. ದೀಪ ಹಚ್ಚಿ ಅದೇ ಮಾತು ಹೇಳಿದರೆ ಎಲ್ಲರೂ ಒಪ್ಪುತ್ತಾರೆ. ಎರಡು ಸಲವೂ ಕಣ್ಣಿಗೆ ಗಡಿಗೆ ಬೀಳಲಿಲ್ಲ ಎಂಬುದಷ್ಟೇ ನಡೆದದ್ದು. ಆದರೂ ಒಂದನ್ನು ತಿಳಿವಳಿಕೆ ಎನ್ನುತ್ತೇವೆ, ಇನ್ನೊಂದನ್ನು ಹಾಗೆನ್ನುವುದಿಲ್ಲ. ಇದು ಹೇಗೆ ಎಂಬ ಬಗ್ಗೆ ನಮ್ಮ ದರ್ಶನಕಾರರು ಶತಮಾನಗಳ ಕಾಲ ವಾದಿಸಿದ್ದಾರೆ. ಕುಮಾರಿಲ ಭಟ್ಟನ ಕಡೆಯ ಮೀಮಾಂಸಕರು, ಅವರ ಹಿಂದೆ ಅದ್ವೈತಿಗಳು, ಕಾಣದಿರುವುದನ್ನೇ ‘ಅನುಪಲಬ್ಧಿ’ ಎಂಬ ಬೇರೆ ಪ್ರಮಾಣವಾಗಿ ಎಣಿಸಿದರು. ನೈಯಾಯಿಕರು ಅಷ್ಟು ದೊಡ್ಡ ಮರ್ಯಾದೆ ಬೇಡವೆಂದು ಅದನ್ನು ಪ್ರತ್ಯಕ್ಷದೊಳಗೇ ಅಡಗಿಸಿದರು. ಬೌದ್ಧ ತಾರ್ಕಿಕ ಧರ್ಮಕೀರ್ತಿ ಅದನ್ನು ಅನುಮಾನಕ್ಕೆ ನೆರವಾಗುವ ಒಂದು ಹೇತುವಾಗಿ ಕಂಡ. ಲೆಕ್ಕ ಎಲ್ಲಿ ಬರೆಯಬೇಕೆಂಬ ಜಗಳ ಏನೇ ಇರಲಿ, ಒಂದು ಷರತ್ತನ್ನು ಇವರಾರೂ ಬಿಟ್ಟುಕೊಡಲಿಲ್ಲ: ವಸ್ತು ಅಲ್ಲಿ ಇದ್ದಿದ್ದರೆ ಕಂಡೇ ಕಾಣುತ್ತಿತ್ತು ಎಂಬ ಯೋಗ್ಯತೆ ಮೊದಲು ಸಿದ್ಧವಾಗಬೇಕು. ಅದು ಸಿದ್ಧವಾಗದೆ ‘ಇಲ್ಲ’ ಎನ್ನುವ ಅಧಿಕಾರ ಯಾರಿಗೂ ಇಲ್ಲ. ಈ ಹಳೆಯ ಷರತ್ತು ಇವತ್ತು ಅತ್ಯಂತ ಕಟ್ಟುನಿಟ್ಟಾಗಿ ಬೇಕಾಗಿರುವುದು ವೊಲಟಿಲಿಟಿಯಂಥ ಮೆಮೊರಿ ಫೊರೆನ್ಸಿಕ್ಸ್ ಸಾಧನದ ಕೋಡ್ ರಿವ್ಯೂನಲ್ಲಿ ಎಂಬುದು ನನ್ನ ವಾದ. ಅಲ್ಲಿ ಬದಲಾವಣೆಗಳನ್ನು ಓದಿ ಒಪ್ಪಿಗೆ ಕೊಡುವವರ ಮೊದಲ ಕೆಲಸ ತಪ್ಪು ಹುಡುಕುವುದಲ್ಲ. ‘ಕಾಣಲಿಲ್ಲ’ ಎಂಬುದು ‘ಇಲ್ಲ’ ಆಗಿ ಜಾರದಂತೆ ನೋಡಿಕೊಳ್ಳುವುದು.

ವೊಲಟಿಲಿಟಿ ಎಂದರೆ ಕಂಪ್ಯೂಟರಿನ ರ‍್ಯಾಮ್‌ನಲ್ಲಿ ಒಂದು ಹೊತ್ತಿನಲ್ಲಿ ಏನಿತ್ತೋ ಅದರ ನಕಲನ್ನು ಓದಿ ಅರ್ಥ ಹೇಳುವ ಮುಕ್ತ ತಂತ್ರಾಂಶ. 2007ರ ಬ್ಲ್ಯಾಕ್ ಹ್ಯಾಟ್ ಸಮ್ಮೇಳನದಲ್ಲಿ ಮೊದಲು ಹೊರಬಂತು. ಪೂರ್ತಿ ಹೊಸದಾಗಿ ಬರೆದ ಮೂರನೇ ರೂಪ 2021ರಲ್ಲಿ ಬಿಡುಗಡೆಯಾಯಿತು. ಅದರ ಕೈಗೆ ಸಿಗುವುದು ಕೆಲವು ಗಿಗಾಬೈಟ್‌ಗಳ ಬರೀ ಅಂಕಿಗಳ ರಾಶಿ. ಅದರಲ್ಲಿ ‘ಪ್ರೊಸೆಸ್’ (ಓಡುತ್ತಿರುವ ಪ್ರೋಗ್ರಾಂ) ಎಂದು ಹಣೆಯ ಮೇಲೆ ಬರೆದುಕೊಂಡ ಯಾವ ವಸ್ತುವೂ ಇರುವುದಿಲ್ಲ. ವಿಂಡೋಸ್‌ನ ತಿರುಳಾದ ಕರ್ನಲ್, ಓಡುತ್ತಿರುವ ಪ್ರತಿ ಪ್ರೊಸೆಸ್‌ಗೂ ಒಂದು ದಾಖಲೆ ಇಟ್ಟಿರುತ್ತದೆ. ದಾಖಲೆಯ ತಲೆಯಿಂದ ಇಷ್ಟನೇ ಬೈಟಿನಲ್ಲಿ ಹೆಸರು, ಇಷ್ಟನೇ ಬೈಟಿನಲ್ಲಿ ಅದು ಶುರುವಾದ ಹೊತ್ತು. ಆ ಹೊತ್ತನ್ನೂ 1601ರ ಜನವರಿ 1ರಿಂದ ಸೆಕೆಂಡಿನ ಕೋಟಿಯಲ್ಲೊಂದು ಪಾಲಿನ ಲೆಕ್ಕದಲ್ಲಿ ಎಣಿಸಿ ಇಟ್ಟಿರುತ್ತದೆ. ಈ ‘ಇಷ್ಟನೇ’ ಎಂಬುದು ವಿಂಡೋಸ್‌ನ ಒಂದು ಬಿಲ್ಡ್‌ನಿಂದ ಇನ್ನೊಂದಕ್ಕೆ ಬದಲಾಗುತ್ತದೆ. ಹಾಗಾಗಿ ವೊಲಟಿಲಿಟಿ ತೋರಿಸುವ ಪಟ್ಟಿಯ ಒಂದೊಂದು ಸಾಲೂ ನೋಡಿದ್ದಲ್ಲ, ಊಹಿಸಿದ್ದು: ಇಂಥ ಗುರುತು ಇಂಥ ಜಾಗದಲ್ಲಿದ್ದರೆ ಅಲ್ಲೊಂದು ಪ್ರೊಸೆಸ್ ಇತ್ತು ಎಂಬ ವ್ಯಾಪ್ತಿಯ, ಅಂದರೆ ತಪ್ಪದ ಸಂಬಂಧದ, ಮೇಲೆ ನಿಂತ ಅನುಮಾನ. ವ್ಯಾಪ್ತಿ ಇರುವುದು ಕೋಡ್‌ನಲ್ಲಿ. ಕೋಡ್‌ನ ಒಂದು ಸಾಲು ಬದಲಾದರೆ ಲೋಕದ ಬಗ್ಗೆ ಅದು ಹೊರಡಿಸುವ ಸಾವಿರಾರು ತೀರ್ಮಾನಗಳು ಒಟ್ಟಿಗೇ ಬದಲಾಗುತ್ತವೆ.

ಅಡಗುವವರೂ ಇದನ್ನು ಬಲ್ಲರು. ಕರ್ನಲ್ ತನ್ನ ದಾಖಲೆಗಳನ್ನು ಸರಪಳಿಯಂತೆ ಒಂದಕ್ಕೊಂದು ಜೋಡಿಸಿಟ್ಟಿರುತ್ತದೆ. ವೊಲಟಿಲಿಟಿಯ ಪಿಎಸ್‌ಲಿಸ್ಟ್ ಎಂಬ ಪ್ಲಗಿನ್ ಆ ಸರಪಳಿ ಹಿಡಿದೇ ನಡೆಯುತ್ತದೆ. ರೂಟ್‌ಕಿಟ್ ಎಂಬ, ತನ್ನನ್ನು ಅಡಗಿಸಿಕೊಳ್ಳುವ ದುಷ್ಟ ತಂತ್ರಾಂಶ ಮಾಡುವುದಿಷ್ಟೇ: ತನ್ನ ಕೊಂಡಿಯನ್ನು ಬಿಡಿಸಿ, ಹಿಂದಿನದನ್ನೂ ಮುಂದಿನದನ್ನೂ ಪರಸ್ಪರ ಸೇರಿಸಿಬಿಡುತ್ತದೆ. ಸರಪಳಿ ಅಖಂಡವಾಗಿಯೇ ಕಾಣುತ್ತದೆ, ಅದರಲ್ಲಿ ಇದೊಂದು ಕೊಂಡಿ ಇರುವುದಿಲ್ಲ, ಪ್ರೊಸೆಸ್ ಮಾತ್ರ ನಿಶ್ಚಿಂತೆಯಿಂದ ಓಡುತ್ತಿರುತ್ತದೆ. ಇದಕ್ಕಾಗಿಯೇ ಪಿಎಸ್‌ಸ್ಕ್ಯಾನ್ ಎಂಬ ಇನ್ನೊಂದು ಪ್ಲಗಿನ್ ಸರಪಳಿಯನ್ನು ನಂಬದೆ ಇಡೀ ಮೆಮೊರಿಯನ್ನು ಜಾಲಾಡಿ, ದಾಖಲೆಯ ಮೊಹರು ಎಲ್ಲೆಲ್ಲಿ ಸಿಗುತ್ತದೋ ಅಲ್ಲೆಲ್ಲ ನಿಲ್ಲುತ್ತದೆ. ಮುಗಿದುಹೋದ ಪ್ರೊಸೆಸ್‌ಗಳ ಅವಶೇಷವೂ ಕೆಲವೊಮ್ಮೆ ಅದರ ಕೈಗೆ ಸಿಗುತ್ತದೆ. ಧರ್ಮಕೀರ್ತಿ ಕಾಣತಕ್ಕದ್ದರ ಕಾಣದಿರುವಿಕೆಯನ್ನೂ, ಸ್ವಭಾವದಿಂದಲೇ ಕಾಣದಂಥದ್ದರ ಕಾಣದಿರುವಿಕೆಯನ್ನೂ ಬೇರ್ಪಡಿಸಿದ. ಮೊದಲನೆಯದು ‘ಇಲ್ಲ’ ಎಂಬ ನಿಶ್ಚಯ ಕೊಡುತ್ತದೆ, ಎರಡನೆಯದು ಸಂಶಯವನ್ನಷ್ಟೇ. ಎರಡನೆಯದಕ್ಕೆ ಆ ಪರಂಪರೆಯ ನಿದರ್ಶನ ಪಿಶಾಚಿ. ಪಿಎಸ್‌ಲಿಸ್ಟ್‌ನ ಪಾಲಿಗೆ ರೂಟ್‌ಕಿಟ್ ಪಿಶಾಚಿಯೇ. ಅದರ ಪಟ್ಟಿ ನೋಡಿ ‘ಇಲ್ಲಿ ದುಷ್ಟ ತಂತ್ರಾಂಶವಿಲ್ಲ’ ಎನ್ನುವವನು ಕತ್ತಲಲ್ಲಿ ನಿಂತು ಗಡಿಗೆಯ ತೀರ್ಪು ಕೊಡುತ್ತಿದ್ದಾನೆ.

ಈಗ ಒಂದು ಬದಲಾವಣೆಯನ್ನು ಹತ್ತಿರದಿಂದ ನೋಡೋಣ. ಇಂಥ ಯಾವುದೇ ಸಾಧನಕ್ಕೆ ಬರಬಹುದಾದ, ನೋಡಲು ತೀರ ಸಾಧುವಾದ ಪ್ಯಾಚ್ ಇದು. ಒಂದು ಪ್ಲಗಿನ್ ಪ್ರತಿ ಪ್ರೊಸೆಸ್ ಯಾವ ಕಮಾಂಡಿನಿಂದ ಶುರುವಾಯಿತೆಂದು ಓದುತ್ತದೆ. ಪ್ರೊಸೆಸ್‌ನ ದಾಖಲೆ ಕರ್ನಲ್‌ನ ಮೆಮೊರಿಯಲ್ಲಿ ಭದ್ರವಾಗಿದ್ದರೂ ಕಮಾಂಡಿನ ಪಠ್ಯ ಇರುವುದು ಪ್ರೊಸೆಸ್‌ನ ಸ್ವಂತ ಜಾಗದಲ್ಲಿ. ಮೆಮೊರಿ ಸಾಲದೆ ಬಂದಾಗ ಆ ಪುಟ ಡಿಸ್ಕ್‌ಗೆ ಹೋಗಿರಬಹುದು. ಆಗ ಓದುವ ಪ್ರಯತ್ನ ಎಡವಿ ಪ್ಲಗಿನ್ ಅರ್ಧಕ್ಕೇ ನಿಂತುಬಿಡುತ್ತದೆ. ಯಾರೋ ಒಬ್ಬರು ಇದನ್ನು ಸರಿಪಡಿಸಿ ಕಳಿಸುತ್ತಾರೆ. ಬದಲಾವಣೆ ತೋರಿಸುವ ಡಿಫ್‌ನಲ್ಲಿ ಹಸಿರು ಬಣ್ಣದ, ಕೂಡು ಚಿಹ್ನೆಯ ಎರಡು ಸಾಲು ಹೆಚ್ಚಿಗೆ ಕಾಣುತ್ತವೆ: ವಿಳಾಸ ತಪ್ಪಿದ ಎರರ್ ಬಂದರೆ ಹಿಡಿ, ‘ಕಂಟಿನ್ಯೂ’, ಅಂದರೆ ಮುಂದಿನದಕ್ಕೆ ಹೋಗು. ಪ್ಲಗಿನ್ ಈಗ ನಿಲ್ಲುವುದಿಲ್ಲ, ಟೆಸ್ಟ್‌ಗಳೆಲ್ಲ ಪಾಸು. ಆದರೆ ಆ ಒಂದು ಪದದಿಂದ ಆದದ್ದೇನು? ಕಮಾಂಡ್ ಓದಲಾಗದ ಪ್ರೊಸೆಸ್‌ನ ಇಡೀ ಸಾಲು ಪಟ್ಟಿಯಿಂದ ಮಾಯವಾಯಿತು. ತನಿಖಾಧಿಕಾರಿಗೆ ಐವತ್ತು ಸಾಲು ಕಂಡವು, ಐವತ್ತೊಂದನೆಯದು ಇತ್ತೆಂಬ ಸುಳಿವೂ ಇಲ್ಲ. ‘ಓದಲಾಗಲಿಲ್ಲ’ ಎಂಬುದು ಯಾರ ಕಣ್ಣಿಗೂ ಬೀಳದೆ ‘ಇರಲಿಲ್ಲ’ ಆಗಿಬಿಟ್ಟಿತು. ಒಳ್ಳೆಯ ರಿವ್ಯೂವರ್ ಇಲ್ಲಿ ತಡೆಯುತ್ತಾರೆ: ಸಾಲು ಉಳಿಯಲಿ, ಕಮಾಂಡಿನ ಅಂಕಣದಲ್ಲಿ ‘ಓದಲಾಗಲಿಲ್ಲ’ ಎಂಬ ಗುರುತು ಬರಲಿ ಎನ್ನುತ್ತಾರೆ.

ಅಂಥ ಗುರುತುಗಳು ವೊಲಟಿಲಿಟಿ 3ರ ಮೂಲದಲ್ಲೇ ಇವೆ. ಖಾಲಿ ಉತ್ತರಕ್ಕೆ ಅಲ್ಲಿ ಒಂದಲ್ಲ, ಹಲವು ಹೆಸರು: ಮೆಮೊರಿಯಿಂದ ಓದಲಾಗದ್ದು, ಓದಿದರೂ ಬಿಡಿಸಿ ಅರ್ಥಮಾಡಲಾಗದ್ದು, ಈ ವಸ್ತುವಿಗೆ ಅನ್ವಯವೇ ಆಗದ್ದು, ಅನ್ವಯವಾದರೂ ಈಗ ದೊರಕದ್ದು. ಓದುವಾಗ ನೈಯಾಯಿಕರ ನಾಲ್ಕು ಅಭಾವಗಳು ನೆನಪಾಗುವುದು ಸಹಜ. ಆದರೆ ಇವನ್ನು ಅವಕ್ಕೆ ಒಂದೊಂದಾಗಿ ತಾಳೆ ಹಾಕಲು ಹೊರಟರೆ ಜಾಣತನವಾದೀತು, ಸತ್ಯವಾಗದು. ನೈಯಾಯಿಕರದು ಇಲ್ಲದಿರುವಿಕೆಯ ಬಗೆಗಳು. ಇವು ಹೆಚ್ಚಾಗಿ ತಿಳಿಯದಿರುವಿಕೆಯ ಬಗೆಗಳು. ಅನುಪಲಬ್ಧಿಯ ಚರ್ಚೆಗೇ ಇವು ಹತ್ತಿರ. ಇಲ್ಲೂ ಒಂದು ಸೋರಿಕೆ ಉಳಿದಿದೆ. ಕೋಡ್ ಇಷ್ಟು ಜತನದಿಂದ ಬೇರೆಮಾಡಿದ್ದನ್ನು ತೆರೆ ಮತ್ತೆ ಒಂದುಮಾಡುತ್ತದೆ: ಮಾಮೂಲಿ ಪಠ್ಯದ ಔಟ್‌ಪುಟ್‌ನಲ್ಲಿ ಓದಲಾಗದ್ದೂ ಬಿಡಿಸಲಾಗದ್ದೂ ಒಂದೇ ಒಂದು ಅಡ್ಡಗೆರೆ. ವರದಿಗೆ ನಕಲಾಗುವುದು ಆ ಅಡ್ಡಗೆರೆ. ನ್ಯಾಯಾಲಯ ಅದನ್ನು ಏನೆಂದು ಓದಬೇಕು?

ಇಲ್ಲದ್ದನ್ನು ಇದೆಯೆನ್ನುವ ತಪ್ಪೂ ಇಷ್ಟೇ ಕೆಟ್ಟದ್ದಲ್ಲವೇ ಎಂದು ಕೇಳಬಹುದು. ಕೆಟ್ಟದ್ದೇ, ಆದರೆ ಅದರ ಗತಿ ಬೇರೆ. 2011ರಲ್ಲಿ ಅಮೆರಿಕದ ಫ್ಲಾರಿಡಾದಲ್ಲಿ ನಡೆದ ಒಂದು ಕೊಲೆ ವಿಚಾರಣೆಯಲ್ಲಿ, ಮನೆಯ ಕಂಪ್ಯೂಟರಿನಿಂದ ಕ್ಲೋರೋಫಾರ್ಮ್ ಕುರಿತ ಪುಟವನ್ನು 84 ಸಲ ನೋಡಲಾಗಿದೆ ಎಂದು ಒಂದು ಫೊರೆನ್ಸಿಕ್ಸ್ ತಂತ್ರಾಂಶದ ಆಧಾರದ ಮೇಲೆ ಪ್ರಾಸಿಕ್ಯೂಷನ್ ಹೇಳಿತು. ತಂತ್ರಾಂಶ ಬ್ರೌಸರಿನ ಇತಿಹಾಸದ ಕಡತವನ್ನು ತಪ್ಪಾಗಿ ಓದಿತ್ತು. ನೋಡಿದ್ದು ಒಂದೇ ಸಲ. 84 ಎಂಬ ಎಣಿಕೆ ಬೇರೊಂದು ಜಾಲತಾಣದ್ದು. ಇದು ಬಯಲಾದದ್ದು 84 ಎಂಬ ಸಂಖ್ಯೆ ಕಣ್ಣೆದುರು ಇದ್ದದ್ದರಿಂದ. ಇನ್ನೊಂದು ತಂತ್ರಾಂಶ ಬೇರೆ ಸಂಖ್ಯೆ ಕೊಟ್ಟಿತು, ಎರಡನ್ನೂ ಪಕ್ಕಪಕ್ಕ ಇಟ್ಟು ಕೇಳಲು ಸಾಧ್ಯವಾಯಿತು, ತಂತ್ರಾಂಶ ಬರೆದವರೇ ಮರುಪರಿಶೀಲಿಸಿ ತಪ್ಪೊಪ್ಪಿದರು. ಇರುವ ಸಾಲನ್ನು ಪಾಟೀಸವಾಲಿಗೆ ಎಳೆಯಬಹುದು. ಕಾಣೆಯಾದ ಸಾಲನ್ನು ಯಾರು ಕಟಕಟೆಗೆ ತರುತ್ತಾರೆ? ಆ ಸಾಲೇ ಆರೋಪಿಯ ನಿರಪರಾಧಿತ್ವದ ಏಕೈಕ ಕುರುಹಾಗಿದ್ದರೂ, ಅದು ಬೇಕಿತ್ತೆಂದು ಕೇಳಲು ಅವನಿಗೇ ತಿಳಿದಿರುವುದಿಲ್ಲ. ಆದ್ದರಿಂದ ರಿವ್ಯೂವರ್‌ನ ಋಣ ಪ್ಯಾಚ್ ಕಳಿಸಿದವರಿಗಲ್ಲ, ಸಾಧನ ಬಳಸುವ ಪೊಲೀಸರಿಗೂ ಅಲ್ಲ. ಎಂದೋ ಒಂದು ದಿನ ಆ ಪಟ್ಟಿಯ ಕಾರಣದಿಂದ ಕಟಕಟೆ ಹತ್ತಲಿರುವ, ಹೆಸರು ಗೊತ್ತಿಲ್ಲದ ವ್ಯಕ್ತಿಗೆ. ತನ್ನ ಎದುರಿಲ್ಲದವನ ಬಗ್ಗೆ ಸುಳ್ಳಾಡಬಾರದೆಂಬುದು ಧರ್ಮದ ಮಾತು, ಬರೀ ಎಂಜಿನಿಯರಿಂಗ್‌ನ ಮಾತಲ್ಲ.

ಇದಕ್ಕೆಲ್ಲ ಟೆಸ್ಟ್‌ಗಳು ಇಲ್ಲವೇ, ಮನುಷ್ಯ ಕೂತು ಓದಬೇಕೇ ಎಂಬುದು ಕೆಲಸಗಾರರ ಮೊದಲ ಆಕ್ಷೇಪ. ಕುಮಾರಿಲನ ಒಂದು ವಿಂಗಡಣೆ ಇಲ್ಲಿ ಚೆನ್ನಾಗಿ ಒದಗುತ್ತದೆ. ಜ್ಞಾನವೊಂದು ತಪ್ಪೆಂದು ಎರಡು ದಾರಿಯಿಂದ ಗೊತ್ತಾಗುತ್ತದೆ ಎನ್ನುತ್ತಾನೆ ಅವನು: ಅದನ್ನು ಕಡಿದುಹಾಕುವ ಇನ್ನೊಂದು ಜ್ಞಾನ ಬಂದಾಗ, ಇಲ್ಲವೇ ಅದು ಹುಟ್ಟಿದ ಕಾರಣದಲ್ಲೇ ದೋಷ ಕಂಡಾಗ. ಟೆಸ್ಟ್ ಮೊದಲ ಬಗೆಯದು. ಮಾದರಿ ಡಂಪ್‌ಗಳ, ಅಂದರೆ ಮೆಮೊರಿ ನಕಲುಗಳ, ಮೇಲೆ ಓಡಿಸಿ, ನಿರೀಕ್ಷಿಸಿದ್ದಕ್ಕೆ ವಿರುದ್ಧವಾದದ್ದು ಬಂದರೆ ಕೂಗುತ್ತದೆ. ಬರದಿದ್ದರೆ? ವಿರೋಧ ಕಾಣಲಿಲ್ಲ, ಅಷ್ಟೇ. ವಿರೋಧ ಇಲ್ಲ ಎಂದಾಗಲಿಲ್ಲ. ಆ ಮಾದರಿ ಡಂಪ್‌ಗಳಲ್ಲಿ ಡಿಸ್ಕ್‌ಗೆ ಹೋದ ಪುಟವೇ ಇರದಿದ್ದರೆ ನಮ್ಮ ‘ಕಂಟಿನ್ಯೂ’ ಎಷ್ಟು ವರ್ಷ ಬೇಕಾದರೂ ಹಸಿರು ಟಿಕ್ ಪಡೆಯುತ್ತಾ ಇರಬಲ್ಲದು. ಕಾರಣದ ದೋಷ ಕಾಣುವುದು ಕೋಡ್ ಓದಿದವನಿಗೆ ಮಾತ್ರ.

ಎರಡನೆಯ ಆಕ್ಷೇಪಕ್ಕೆ ಹೆಚ್ಚು ತೂಕವಿದೆ. ಕಾಣದ್ದನ್ನು ಇಲ್ಲವೆನ್ನಬಾರದೆಂದು ಹೀಗೆ ಹಟ ಹಿಡಿದರೆ ಯಾವ ತೀರ್ಮಾನಕ್ಕೂ ಬರಲಾಗದು, ಅಪರಾಧಿಗಳಿಗೆ ಹಬ್ಬವಾದೀತು ಎನ್ನುತ್ತದೆ ಅದು. ಉದಾಹರಣೆಯೂ ಇದೆ. 2001ರಲ್ಲಿ ಅಮೆರಿಕದ ಹ್ಯೂಸ್ಟನ್ ಬಂದರಿನ ಕಂಪ್ಯೂಟರುಗಳು ದಾಳಿಗೆ ಸಿಕ್ಕಿ ಕುಸಿದವು. ದಾಳಿಯ ಜಾಡು ಇಂಗ್ಲೆಂಡಿನ ಒಬ್ಬ ಹದಿಹರೆಯದವನ ಕಂಪ್ಯೂಟರಿಗೆ ಹೋಯಿತು. ಯಾರೋ ಟ್ರೋಜನ್ ಎಂಬ ಕಳ್ಳ ತಂತ್ರಾಂಶ ನುಗ್ಗಿಸಿ ತನ್ನ ಯಂತ್ರದಿಂದ ಇದನ್ನು ಮಾಡಿಸಿದರು, ಆಮೇಲೆ ಅದು ತನ್ನನ್ನು ತಾನೇ ಅಳಿಸಿಕೊಂಡಿತು ಎಂದು ಅವನ ವಾದ. ಪರೀಕ್ಷೆಯಲ್ಲಿ ಟ್ರೋಜನ್ನಿನ ಕುರುಹು ಸಿಗಲಿಲ್ಲ. 2003ರಲ್ಲಿ ಜ್ಯೂರಿ ಅವನನ್ನು ಬಿಟ್ಟಿತು. ಆ ತೀರ್ಪು ಸರಿಯೋ ತಪ್ಪೋ ಎಂಬುದು ಇಲ್ಲಿನ ಪ್ರಶ್ನೆಯಲ್ಲ; ‘ಪಿಶಾಚಿ ಮಾಡಿತು’ ಎನ್ನುವ ಪ್ರತಿಯೊಬ್ಬನಿಗೂ ಧರ್ಮಕೀರ್ತಿಯ ಸಂಶಯ ಬಾಗಿಲು ತೆರೆಯುವುದಾದರೆ ಸಾಕ್ಷ್ಯಕ್ಕೆ ಅರ್ಥವೇನು ಎಂಬುದು ಪ್ರಶ್ನೆ.

ಈ ಆಕ್ಷೇಪವನ್ನು ಸಾವಿರದ ಇನ್ನೂರು ವರ್ಷಗಳಷ್ಟು ಹಿಂದೆ ಎತ್ತಿದವನು ಜೈನ ತಾರ್ಕಿಕ ಅಕಲಂಕ. ಕರ್ನಾಟಕಕ್ಕೆ ಅವನು ಅಪರಿಚಿತನಲ್ಲ. ಶ್ರವಣಬೆಳಗೊಳದಲ್ಲಿರುವ 12ನೇ ಶತಮಾನದ ಮಲ್ಲಿಷೇಣ ಪ್ರಶಸ್ತಿ ಅವನ ವಾದವಿಜಯಗಳನ್ನು ಹೊಗಳುತ್ತದೆ. ಕಾಣದಂಥ ವಸ್ತುವಿನ ಅಭಾವವನ್ನು ಎಂದೂ ತಿಳಿಯಲಾಗದು ಎಂಬ ಬೌದ್ಧರ ಮಾತಿಗೆ ಅವನ ಉತ್ತರ ಕಟುವಾಗಿದೆ. ಇನ್ನೊಬ್ಬರ ಚೈತನ್ಯವನ್ನು ಯಾರೂ ಕಣ್ಣಿಂದ ಕಂಡಿಲ್ಲ. ನಿಮ್ಮ ನಿಯಮ ಸರಿಯಾದರೆ ಹೆಣದಲ್ಲಿ ಚೈತನ್ಯ ಹೋಗಿದೆಯೆಂದು ಯಾರೂ ನಿಶ್ಚಯಿಸಲಾರರು, ದಹನ ಮಾಡಿದವರೆಲ್ಲ ಪಾತಕಿಗಳಾಗುತ್ತಾರೆ. ಹಾಗಾಗುವುದಿಲ್ಲ, ಏಕೆಂದರೆ ಚೈತನ್ಯ ಕಾಣದಿದ್ದರೂ ಅದರ ಕಾರ್ಯ ಕಾಣುತ್ತದೆ: ಮೈಯ ಬಿಸಿ, ಮಾತು, ಚಲನೆ. ಅವೆಲ್ಲ ನಿಂತಾಗ ‘ಇಲ್ಲ’ ಎನ್ನುವುದು ಸಾಹಸವಲ್ಲ, ವಿವೇಕ. ಇದು ನನ್ನ ವಾದವನ್ನು ಕೆಡವುವುದಿಲ್ಲ, ಇನ್ನೂ ಗಟ್ಟಿಮಾಡುತ್ತದೆ. ಯೋಗ್ಯತೆಯ ಷರತ್ತು ಎಂದರೆ ಎಂದೂ ‘ಇಲ್ಲ’ ಎನ್ನಬೇಡ ಎಂದಲ್ಲ. ಯಾವ ಬೆಳಕಿನಲ್ಲಿ ನೋಡಿದೆ, ಇದ್ದಿದ್ದರೆ ಯಾವ ಗುರುತು ಬೀಳಬೇಕಿತ್ತು, ಆ ಗುರುತು ಬೀಳುವ ಜಾಗವನ್ನು ನೋಡಿದೆಯಾ ಎಂದು. ಟ್ರೋಜನ್ ವಾದಕ್ಕೂ ಉತ್ತರ ಇದೇ. ರ‍್ಯಾಮ್‌ನಲ್ಲಷ್ಟೇ ಬದುಕಿ ಡಿಸ್ಕ್‌ನಲ್ಲಿ ಜಾಡು ಬಿಡದ ತಂತ್ರಾಂಶಗಳಿವೆ. ರ‍್ಯಾಮ್‌ನ ನಕಲು ತೆಗೆದಿದ್ದರೆ, ಅದನ್ನು ಪಿಎಸ್‌ಸ್ಕ್ಯಾನ್‌ನಂಥದ್ದರಿಂದ ಜಾಲಾಡಿದ್ದರೆ, ಓದಲಾಗದ ಪುಟಗಳೆಷ್ಟೆಂದು ಬರೆದಿಟ್ಟಿದ್ದರೆ, ಆಗ ‘ಕುರುಹಿಲ್ಲ’ ಎಂಬ ಮಾತಿಗೆ ಬೆಲೆ. ಯಂತ್ರ ಆರಿಸಿ ಡಿಸ್ಕ್ ಮಾತ್ರ ಹೊತ್ತು ತಂದವರ ‘ಕುರುಹಿಲ್ಲ’ಕ್ಕೆ ಅಷ್ಟು ಬೆಲೆಯಿಲ್ಲ.

2024ರ ಮಾರ್ಚ್‌ನಲ್ಲಿ ಅಕಲಂಕನ ಮಾತು ಕೋಡ್ ಲೋಕದಲ್ಲೇ ನಡೆದುಹೋಯಿತು. ಲಿನಕ್ಸ್‌ನ ಎಲ್ಲೆಡೆ ಬಳಕೆಯಲ್ಲಿರುವ ಎಕ್ಸ್‌ಝಡ್ ಎಂಬ ಸಂಕುಚನ ಸಾಧನದ 5.6.0 ಮತ್ತು 5.6.1 ಆವೃತ್ತಿಗಳಲ್ಲಿ, ವರ್ಷಗಟ್ಟಲೆ ಪ್ಯಾಚ್ ಕಳಿಸಿ ವಿಶ್ವಾಸ ಗಳಿಸಿದ ಒಬ್ಬ ಸುಳ್ಳು ಹೆಸರಿನ ಕೊಡುಗೆದಾರ ಹಿಂಬಾಗಿಲು ಇಟ್ಟಿದ್ದ. ದುಷ್ಟ ಕೋಡ್ ಅಡಗಿದ್ದು ಟೆಸ್ಟ್‌ಗೆಂದು ಸೇರಿಸಿದ, ಮನುಷ್ಯ ಓದಲಾಗದ ಕಡತಗಳಲ್ಲಿ. ಅದನ್ನು ಎಬ್ಬಿಸುವ ಸಾಲು ಇದ್ದದ್ದು ಬಿಡುಗಡೆಯ ಕಟ್ಟಿನಲ್ಲಿ, ಎಲ್ಲರೂ ನೋಡುವ ಮೂಲದಲ್ಲಲ್ಲ. ‘ಮುಕ್ತ ಕೋಡ್, ಎಲ್ಲರೂ ನೋಡುತ್ತಾರೆ’ ಎಂಬ ಧೈರ್ಯ ಎಷ್ಟು ಪೊಳ್ಳೆಂದು ಇದಕ್ಕಿಂತ ಚೆನ್ನಾಗಿ ತೋರಿಸಲಾಗದು: ನೋಡತಕ್ಕ ಜಾಗದಲ್ಲಿ ಅದು ಇರಲೇ ಇಲ್ಲ. ಅದನ್ನು ಹಿಡಿದ ಆಂಡ್ರೆಸ್ ಫ್ರಾಯ್ಂಡ್ ಎಂಬ ಎಂಜಿನಿಯರ್ ಕೂಡ ಮೊದಲು ಕಂಡದ್ದು ಕೋಡನ್ನಲ್ಲ. ದೂರದ ಯಂತ್ರಕ್ಕೆ ಲಾಗಿನ್ ಆಗುವುದು ಅರ್ಧ ಸೆಕೆಂಡಿನಷ್ಟು ತಡವಾಗುತ್ತಿತ್ತು. ಕಾಣದ್ದರ ಕಾರ್ಯವನ್ನು ಕಂಡು ಅವರು ಕಾರಣಕ್ಕೆ ಇಳಿದರು.

ಹಾಗಾದರೆ ರಿವ್ಯೂವರ್‌ನನ್ನು ರಿವ್ಯೂ ಮಾಡುವವರು ಯಾರು? 1984ರಲ್ಲಿ ಪ್ರಕಟವಾದ ಟ್ಯೂರಿಂಗ್ ಪ್ರಶಸ್ತಿ ಉಪನ್ಯಾಸದಲ್ಲಿ ಕೆನ್ ಥಾಂಪ್ಸನ್ ಈ ಪ್ರಶ್ನೆಯನ್ನು ಕೊನೆಯವರೆಗೂ ಎಳೆದರು. ಮೂಲ ಕೋಡ್ ಎಷ್ಟೇ ಶುದ್ಧವಾಗಿದ್ದರೂ ಅದನ್ನು ಯಂತ್ರಭಾಷೆಗೆ ತಿರುಗಿಸುವ ಕಂಪೈಲರೇ ಮೋಸದ್ದಾದರೆ ಓದಿ ಫಲವಿಲ್ಲ. ಕಂಪೈಲರನ್ನು ತಿರುಗಿಸಿದ ಕಂಪೈಲರೂ ಹಾಗೆಯೇ. ನೈಯಾಯಿಕರು ಜ್ಞಾನದ ಪ್ರಾಮಾಣ್ಯ ಇನ್ನೊಂದರಿಂದ ತಿಳಿಯಬೇಕೆಂದಾಗ ಮೀಮಾಂಸಕರು ಎಸೆದದ್ದೂ ಇದೇ ಅನವಸ್ಥೆಯ, ಅಂದರೆ ಕೊನೆಯಿಲ್ಲದ ಸರಣಿಯ, ಕಲ್ಲು. ಕುಮಾರಿಲನ ನಿಲುವು ನನಗೆ ಒಪ್ಪಿಗೆ. ಮೂರು ನಾಲ್ಕು ಜ್ಞಾನಗಳ ಆಚೆ ಪರೀಕ್ಷೆ ಬೆಳೆಯಬೇಕಿಲ್ಲ ಎನ್ನುತ್ತಾನೆ ಅವನು. ದೋಷದ ಕುರುಹು ಇರುವಲ್ಲಿ ಹುಡುಕು, ಸಿಗದಿದ್ದರೆ ನಿಲ್ಲು. ವಿಜಯನಗರದ ವ್ಯಾಸತೀರ್ಥರ ದ್ವೈತ ಪರಂಪರೆಯೂ ಸಂಶಯ ಬಂದಲ್ಲಿ ಪರೀಕ್ಷೆ ಬೇಕೆಂದಿತೇ ಹೊರತು ಪರೀಕ್ಷೆಯೇ ಜೀವನವೆನ್ನಲಿಲ್ಲ. ಒಬ್ಬರು ಬರೆಯಬೇಕು, ಇನ್ನೊಬ್ಬರು ಓದಬೇಕು, ಟೆಸ್ಟ್ ಓಡಬೇಕು, ಬೇರೆ ಸಾಧನದ ಉತ್ತರದೊಡನೆ ತಾಳೆ ಆಗಬೇಕು. ಅಷ್ಟಾದ ಮೇಲೂ ಉಳಿದ ಸಂಶಯ ಕಾರಣವಿಲ್ಲದ ಸಂಶಯ. ಪುಕ್ಕಟೆ ದುಡಿಯುವ ಸ್ವಯಂಸೇವಕರಿಗೆ ಅಷ್ಟೂ ಹೊರೆಯೇ ಎಂಬುದು ನಿಜ. ಆದರೆ ಅದು ಹೊರೆ ಹಂಚಿಕೊಳ್ಳಲು ಕಾರಣ, ಇಳಿಸಿಬಿಡಲು ಅಲ್ಲ.

ಮೋಕ್ಷಕ್ಕಾಗಿ ತಲೆಕೆಡಿಸಿಕೊಂಡವರನ್ನು ಬೈಟ್‌ಗಳ ಜಗಳಕ್ಕೆ ಎಳೆದು ತರುವುದು ಅಲಂಕಾರ ಎಂದು ಕೆಲವರಿಗೆ ಅನಿಸಬಹುದು. ಅಕಲಂಕ ಹೆಣ ಸುಡುವವರ ಪಾಪದ ಲೆಕ್ಕ ಹಾಕಿದ್ದು ಮೋಕ್ಷದ ಮಾತಾಡಲಲ್ಲ. ತಪ್ಪಾದ ‘ಇಲ್ಲ’ದಿಂದ ಇನ್ನೊಂದು ಜೀವಕ್ಕೆ ಏನಾಗುತ್ತದೆಂಬ ಅರಿವು ಅವನ ತರ್ಕದ ಬೆನ್ನಿಗೇ ಇತ್ತು.

ಬ್ರಿಟನ್ನಿನ ಅಂಚೆ ಕಚೇರಿಗಳಲ್ಲಿ ಆ ಅರಿವು ಇರಲಿಲ್ಲ. ಹೊರೈಜನ್ ಎಂಬ ಲೆಕ್ಕದ ತಂತ್ರಾಂಶ ತೋರಿಸಿದ ಕೊರತೆಗಳನ್ನು ನಂಬಿ 1999ರಿಂದ 2015ರ ನಡುವೆ 900ಕ್ಕೂ ಹೆಚ್ಚು ಸಬ್ ಪೋಸ್ಟ್‌ಮಾಸ್ಟರುಗಳನ್ನು ಅಪರಾಧಿಗಳೆಂದು ತೀರ್ಮಾನಿಸಲಾಯಿತು. ಕಂಪ್ಯೂಟರ್ ಸರಿಯಾಗಿ ಕೆಲಸ ಮಾಡುತ್ತಿತ್ತೆಂದು ಮೊದಲು ಸಾಬೀತು ಮಾಡಬೇಕೆಂಬ ಕಾನೂನನ್ನು ಅಲ್ಲಿ 1999ರಲ್ಲೇ ತೆಗೆದುಹಾಕಿದ್ದರು. ದೋಷ ಕಂಡಿಲ್ಲ, ಆದ್ದರಿಂದ ದೋಷವಿಲ್ಲ ಎಂಬುದೇ ನ್ಯಾಯವಾಯಿತು. 2019ರ ಡಿಸೆಂಬರಿನಲ್ಲಿ ಹೈಕೋರ್ಟ್ ದೋಷಗಳಿದ್ದವೆಂದು ಹೇಳುವಷ್ಟರಲ್ಲಿ ಕೆಲವರು ಜೈಲು ಕಂಡಿದ್ದರು, ಕೆಲವರು ಸತ್ತೇಹೋಗಿದ್ದರು.

ನಮ್ಮಲ್ಲಿ 2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮ ಜಾರಿಯಲ್ಲಿದೆ. ಅದರ 63ನೇ ಕಲಮಿನ ಪ್ರಕಾರ ಎಲೆಕ್ಟ್ರಾನಿಕ್ ದಾಖಲೆಯ ಜೊತೆ ಎರಡು ಭಾಗದ ಪ್ರಮಾಣಪತ್ರ ಬೇಕು, ಎರಡನೆಯದಕ್ಕೆ ತಜ್ಞರ ಸಹಿ, ಜೊತೆಗೆ ದಾಖಲೆಯ ಹ್ಯಾಷ್ ಮೌಲ್ಯ. ಹ್ಯಾಷ್ ಹೇಳುವುದು ನಕಲು ಬದಲಾಗಿಲ್ಲ ಎಂಬುದನ್ನಷ್ಟೇ. ಆ ನಕಲನ್ನು ಸಾಧನ ಸರಿಯಾಗಿ ಓದಿತೇ, ಏನನ್ನು ಓದಲಾಗದೆ ಬಿಟ್ಟಿತು ಎಂಬುದನ್ನು ಅದು ಹೇಳುವುದಿಲ್ಲ. ಸಾಧನದ ಹೆಸರು, ಆವೃತ್ತಿ, ಓದಲಾಗದ ಪುಟಗಳ ವಿವರ ಇವಿಷ್ಟೂ ವರದಿಯಲ್ಲಿ ಇರಬೇಕೆಂದು ವಕೀಲರು ಕೇಳಬೇಕು, ನ್ಯಾಯಾಧೀಶರು ಹಟ ಹಿಡಿಯಬೇಕು. ಬೆಂಗಳೂರು, ಮೈಸೂರು, ಮಂಗಳೂರುಗಳಲ್ಲಿ ದಿನವಿಡೀ ಬೇರೆಯವರ ಪುಲ್ ರಿಕ್ವೆಸ್ಟ್, ಅಂದರೆ ಬದಲಾವಣೆಯ ಕೋರಿಕೆ, ಓದಿ ಒಪ್ಪಿಗೆ ಕೊಡುವ ಕನ್ನಡಿಗರು ಸಾವಿರಗಟ್ಟಲೆ ಇದ್ದಾರೆ. ವೊಲಟಿಲಿಟಿಯ ಕೋಡ್ ಎಲ್ಲರಿಗೂ ತೆರೆದಿದೆ, ಬದಲಾವಣೆಗಳ ಮೇಲೆ ಯಾರು ಬೇಕಾದರೂ ಪ್ರಶ್ನೆ ಬರೆಯಬಹುದು. ಅವರಲ್ಲಿ ಕೆಲವರಾದರೂ ವಾರಕ್ಕೊಂದು ಗಂಟೆ ಅಲ್ಲಿ ಕೂತು, ಒಂದೊಂದು ‘ಕಂಟಿನ್ಯೂ’ದ ಎದುರೂ ‘ಈ ಸಾಲು ಎಲ್ಲಿ ಹೋಯಿತು?’ ಎಂದು ಕೇಳಲಿ.